ಕಸಿ ಕಿಡ್ನಿ ಕೆಡದಂತೆ ಕಾಯುವುದು ಹೇಗೆ? ಹಾಸನ, ಚಿಕ್ಕಮಗಳೂರು ಕಡೆಯವರಿಗೆ

ಕಿಡ್ನಿ ಕಸಿಗೆ ಹೆಸರು ಬರೆಸಿ ಕಾಯುತ್ತಿರುವ ಮನೆಯವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಇದು: "ಅಕ್ಕಾ, ದಾನಿ ಕಿಡ್ನೀನ ಎಷ್ಟು ದಿನ ಫ್ರಿಜ್ಜಲ್ಲಿ ಇಟ್ಟಿರ್ತಾರೆ?" ಫ್ರಿಜ್ಜೂ ಇಲ್ಲ, ದಿನವೂ ಇಲ್ಲ. ಐಸ್ ಪೆಟ್ಟಿಗೆ, ಗಂಟೆ ಲೆಕ್ಕ. 24 ಗಂಟೆಯೊಳಗೆ ಹೊಸ ಹೊಟ್ಟೆಯಲ್ಲಿ ಕೂರಿಸಿಬಿಡಬೇಕು ಅಂತ ಎಲ್ಲರೂ ಒದ್ದಾಡುತ್ತಾರೆ. 36 ಗಂಟೆವರೆಗೂ ಇಟ್ಟು ಹಾಕಿದ್ದುಂಟು. ಆದರೆ ಗಂಟೆ ಏರಿದಷ್ಟೂ ಅದು ಸೊರಗುತ್ತದೆ, ಕಸಿ ಆದ ಮೇಲೆ ಕೆಲಸ ಶುರು ಮಾಡೋಕೆ ಸತಾಯಿಸುತ್ತದೆ.

ನಾನು ಕಸಿ ಮಾಡುವ ಥಿಯೇಟರ್‌ನಲ್ಲಿ ಸರ್ಜನ್ ಪಕ್ಕ ನಿಂತು ಉಪಕರಣ ಕೊಡುವ ಸ್ಕ್ರಬ್ ನರ್ಸ್ ಆಗಿದ್ದವಳು, ಈಗ ಹಾಸನದಲ್ಲಿದ್ದೇನೆ. ಡಾಕ್ಟರ್ ಅಲ್ಲ. ಇಲ್ಲಿ ಬರೆದದ್ದಕ್ಕೂ ನಿಮ್ಮ ಡಾಕ್ಟರ್ ಹೇಳಿದ್ದಕ್ಕೂ ವ್ಯತ್ಯಾಸ ಕಂಡರೆ ಅವರ ಮಾತನ್ನೇ ಕೇಳಿ. ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ವಿಷಯ. ಕಿಡ್ನಿ ಐಸ್‌ನಲ್ಲಿ ಕೂತಿರುವಾಗ ಬಹಳ ಸಲ ಕಾಯುತ್ತಿರುವುದು ಸರ್ಜನ್‌ಗೆ ಅಲ್ಲ, ಪೇಷೆಂಟ್‌ಗೆ. ಫೋನ್ ಎತ್ತಲಿಲ್ಲ, ಗಾಡಿ ಸಿಗಲಿಲ್ಲ, ಪೊಟ್ಯಾಸಿಯಂ ಜಾಸ್ತಿ ಇತ್ತು, ಊಟ ಮಾಡಿಕೊಂಡು ಬಂದರು, ಹೀಗೆ. ನಮ್ಮ ಕಡೆಯಿಂದ ಆಸ್ಪತ್ರೆಗೆ ದಾರಿಯೂ ದೂರ ಇರುವುದರಿಂದ ಇದನ್ನು ಮೊದಲೇ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು.

ರಕ್ತ ನಿಂತರೆ ಕಿಡ್ನಿಗೆ ಏನಾಗುತ್ತದೆ?

ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಕಾಲು ಭಾಗ ಎರಡು ಕಿಡ್ನಿಗಳಿಗೇ ಹೋಗುತ್ತದೆ. ಅಷ್ಟು ರಕ್ತ ಕುಡಿದು ಬದುಕುವ ಅಂಗಕ್ಕೆ ಒಮ್ಮೆಲೇ ಅದು ನಿಂತುಹೋದರೆ, ಅದೂ ಮೈಬಿಸಿಯ 37 ಡಿಗ್ರಿಯಲ್ಲಿ, ಅರ್ಧ ಗಂಟೆ ದಾಟುವಷ್ಟರಲ್ಲಿ ಪೆಟ್ಟು ಜೋರಾಗುತ್ತದೆ. ಪ್ರತಿ ಜೀವಕೋಶದ ಗೋಡೆಯಲ್ಲೂ ಸೋಡಿಯಂ ಹೊರಗೆ ತಳ್ಳಿ ಪೊಟ್ಯಾಸಿಯಂ ಒಳಗೆ ಎಳೆಯುವ ಪಂಪ್ ಇರುತ್ತದೆ. ಆಮ್ಲಜನಕ ಇಲ್ಲದೆ ಶಕ್ತಿ ಹುಟ್ಟುವುದಿಲ್ಲ, ಶಕ್ತಿ ಇಲ್ಲದೆ ಪಂಪ್ ಓಡುವುದಿಲ್ಲ. ಸೋಡಿಯಂ ಒಳಗೇ ಉಳಿದು ನೀರನ್ನು ಎಳೆದುಕೊಳ್ಳುತ್ತದೆ, ಕೋಶಗಳು ನೆನೆಹಾಕಿದ ಅವರೆಕಾಳಿನಂತೆ ಊದಿಕೊಳ್ಳುತ್ತವೆ.

ತಣ್ಣಗೆ ಮಾಡುವುದು ಇದಕ್ಕಾಗಿ. ಉಷ್ಣತೆ 10 ಡಿಗ್ರಿ ಇಳಿದಂತೆ ಕೋಶದ ಕೆಲಸ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 4 ಡಿಗ್ರಿಗೆ ಬಂದಾಗ ಹತ್ತರಲ್ಲಿ ಒಂದು ಭಾಗದಷ್ಟು ಮಾತ್ರ ಉಳಿಯುತ್ತದೆ. ಹಸಿವು ಕಡಿಮೆ, ಹಾಗಾಗಿ ಹೆಚ್ಚು ಹೊತ್ತು ತಡೆಯುತ್ತದೆ. ಆದರೆ ಬರೀ ತಣ್ಣಗಿನ ಸಲೈನ್ ಹಾಕಿದರೆ ಸಾಲುವುದಿಲ್ಲ, ಯಾಕೆಂದರೆ ತಂಪಿನಲ್ಲಿ ಆ ಪಂಪ್ ಕೂಡ ನಿಧಾನವಾಗುತ್ತದೆ, ಊತ ನಿಲ್ಲುವುದಿಲ್ಲ. ಅದಕ್ಕೆ ಬೇರೆಯದೇ ದ್ರಾವಣ ಬೇಕು. 1969ರಲ್ಲಿ ಜೆಫ್ರಿ ಕಾಲಿನ್ಸ್ ಮೊದಲ ಒಳ್ಳೆಯ ದ್ರಾವಣ ತಯಾರಿಸಿದರು. 1980ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬೆಲ್ಜರ್ ಮತ್ತು ಸೌತರ್ಡ್ ಇನ್ನೂ ಒಳ್ಳೆಯದು ಕೊಟ್ಟರು. ಅದನ್ನೇ ಥಿಯೇಟರ್‌ನಲ್ಲಿ ಯುಡಬ್ಲ್ಯು ಅನ್ನುತ್ತೇವೆ. ಎಚ್‌ಟಿಕೆ ಅನ್ನುವುದು ಇನ್ನೊಂದು, ಜರ್ಮನಿಯದು. ಇವುಗಳಲ್ಲಿ ಕೋಶದ ಒಳಗೆ ನುಗ್ಗಲಾರದ ದೊಡ್ಡ ಕಣಗಳಿರುತ್ತವೆ, ಅವು ನೀರನ್ನು ಹೊರಗೇ ಹಿಡಿದಿಡುತ್ತವೆ.

ಹಾಗಾದರೆ ಫ್ರೀಜರ್‌ನಲ್ಲೇ ಇಟ್ಟರೆ ವರ್ಷಗಟ್ಟಲೆ ಇರಲ್ವಾ ಅಂತ ಕೇಳುತ್ತಾರೆ. ಇರುವುದಿಲ್ಲ. ಕೋಶದೊಳಗಿನ ನೀರು ಮಂಜುಗಡ್ಡೆಯಾದರೆ ಅದರ ಹರಳುಗಳು ಕೋಶವನ್ನು ಹರಿದುಹಾಕುತ್ತವೆ. 2023ರಲ್ಲಿ ಮಿನ್ನೆಸೋಟಾದ ವಿಜ್ಞಾನಿಗಳು ಇಲಿಯ ಕಿಡ್ನಿಯನ್ನು ಹರಳುಗಟ್ಟದ ಹಾಗೆ ಗಾಜಿನಂತೆ ಗಟ್ಟಿ ಮಾಡಿ 100 ದಿನ ಇಟ್ಟು, ಮತ್ತೆ ಬಿಸಿ ಮಾಡಿ ಇನ್ನೊಂದು ಇಲಿಗೆ ಕಸಿ ಮಾಡಿ ಗೆದ್ದಿದ್ದಾರೆ. ಮನುಷ್ಯರ ಆಸ್ಪತ್ರೆಗೆ ಅದಿನ್ನೂ ಬಂದಿಲ್ಲ.

ದಾನಿಯ ಮೈಯಲ್ಲಿ ಇರುವಾಗಲೇ ಶುರು

ಕಿಡ್ನಿ ಕಾಯುವ ಕೆಲಸ ಐಸ್ ಪೆಟ್ಟಿಗೆಯಿಂದ ಶುರುವಾಗುತ್ತದೆ ಅಂತ ತಿಳಿದರೆ ತಪ್ಪು. ಮೆದುಳು ನಿಷ್ಕ್ರಿಯ ಆದ ದಾನಿಯ ಐಸಿಯು ಮಂಚದಲ್ಲೇ ಅರ್ಧ ಕೆಲಸ ಇರುತ್ತದೆ. ಕಾನೂನಿನ ಪ್ರಕಾರ ನಾಲ್ಕು ಜನ ಡಾಕ್ಟರ್‌ಗಳ ತಂಡ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ, ಎರಡೂ ಸಲ ಖಚಿತವಾದ ಮೇಲೆಯೇ ಬ್ರೈನ್ ಡೆತ್ ಅಂತ ಘೋಷಿಸುತ್ತಾರೆ. ಆ ಹೊತ್ತಿಗೆ ಮೆದುಳಿನ ಹತೋಟಿ ತಪ್ಪಿ ಬಿಪಿ ಕುಸಿಯುತ್ತಿರುತ್ತದೆ, ಮೈ ತಣ್ಣಗಾಗುತ್ತಿರುತ್ತದೆ. ಮೂತ್ರ ಹಿಡಿದಿಡುವ ಹಾರ್ಮೋನ್ ನಿಂತುಹೋಗಿ ಲೀಟರ್‌ಗಟ್ಟಲೆ ಮೂತ್ರ ಹರಿಯುತ್ತದೆ. ಐಸಿಯು ಸಿಸ್ಟರ್‌ಗಳು ಗಂಟೆ ಗಂಟೆಗೂ ಮೂತ್ರ ಅಳೆದು, ಅಷ್ಟೇ ದ್ರವ ಮತ್ತೆ ಕೊಟ್ಟು, ಆ ಹಾರ್ಮೋನ್ ಬದಲಿಗೆ ವ್ಯಾಸೊಪ್ರೆಸಿನ್ ಹನಿಸಿ, ಸೋಡಿಯಂ ನೋಡಿ, ಮೈ ಬೆಚ್ಚಗಿಟ್ಟು ಕಾಯುತ್ತಾರೆ. ಇಲ್ಲಿ ಎರಡು ಗಂಟೆ ಬಿಪಿ ಬಿದ್ದರೆ ಆಮೇಲೆ ಎಷ್ಟು ಒಳ್ಳೆಯ ದ್ರಾವಣ ಹಾಕಿದರೂ ಪೂರ್ತಿ ಸರಿಹೋಗುವುದಿಲ್ಲ.

ದಾನಿ ಕಡೆ ಮನೆಯವರಿಗೆ ಒಂದು ಮಾತು. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಹೆದ್ದಾರಿ ಅಪಘಾತ ಆಗಿ ಬಂದ ಪ್ರಕರಣವಾದರೆ ಪೊಲೀಸ್ ಮಹಜರು, ಪೋಸ್ಟ್‌ಮಾರ್ಟಂ ಎಲ್ಲ ಇರುತ್ತದೆ. ಅದರಿಂದ ದಾನಕ್ಕೆ ಅಡ್ಡಿ ಇಲ್ಲ, ಆದರೆ ಹೊತ್ತು ಹಿಡಿಯುತ್ತದೆ. ಒಪ್ಪಿಗೆ ಕೊಡುವುದಾದರೆ ಮನೆಯ ಹಿರಿಯರು ಒಂದು ಕಡೆ ಕೂತು ಮಾತಾಡಿ ಬೇಗ ತಿಳಿಸಿ. ಕೊಡುವುದಿಲ್ಲ ಅಂದರೂ ಯಾರೂ ಒತ್ತಾಯ ಮಾಡುವಂತಿಲ್ಲ. ಒಪ್ಪಿದ ಮೇಲೆ ದಾನಿಯನ್ನು ನೋಡಿಕೊಳ್ಳುವ, ಅಂಗ ತೆಗೆಯುವ ಖರ್ಚು ದಾನಿ ಮನೆಯವರ ಮೇಲೆ ಬೀಳಬಾರದು ಅಂತ ನಿಯಮ ಇದೆ, ಬಿಲ್ ಕೈಗೆ ಕೊಟ್ಟರೆ ಕೇಳಿ. ನಮ್ಮ ರಾಜ್ಯದಲ್ಲಿ ಅಂಗಗಳ ಹಂಚಿಕೆ ನೋಡಿಕೊಳ್ಳುವುದು ಜೀವಸಾರ್ಥಕತೆ ಅನ್ನುವ ಸರ್ಕಾರಿ ಸಂಸ್ಥೆ. ದೇಶದ ಮಟ್ಟದಲ್ಲಿ ಅದೇ ಕೆಲಸಕ್ಕೆ ನೋಟ್ಟೊ (NOTTO) ಇದೆ, ಅದರ ಸಹಾಯವಾಣಿ 1800 11 4770. ಪ್ರತಿಜ್ಞೆ ಕಾರ್ಡ್ ಮಾಡಿಸಿಟ್ಟರೂ ಕೊನೆಗೆ ಮನೆಯವರ ಸಹಿ ಬೇಕೇ ಬೇಕು. ಹಾಗಾಗಿ ಕಾರ್ಡನ್ನು ಸುಮ್ನೆ ಪರ್ಸ್‌ನಲ್ಲಿ ಇಟ್ಟುಕೊಳ್ಳುವುದಕ್ಕಿಂತ ಮನೆಯಲ್ಲಿ ಒಂದು ಸಲ ಬಾಯಿಬಿಟ್ಟು ಹೇಳಿಡಿ.

ಮೂರು ಚೀಲ, ಒಂದು ಪೆಟ್ಟಿಗೆ

ಇದನ್ನು ಹತ್ತಿರದಿಂದ ನೋಡಿದವರು ಕಡಿಮೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ದಾನಿಯ ಹೊಟ್ಟೆ ತೆರೆದು, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ಮಹಾಪಧಮನಿಗೆ ಕೊಳವೆ ಹಾಕುತ್ತಾರೆ. ರಕ್ತ ನಿಲ್ಲಿಸುವ ಚಿಮುಟ, ಅಂದರೆ ಕ್ಲಾಂಪ್, ಬಿದ್ದ ಕ್ಷಣ ಯಾರಾದರೊಬ್ಬರು ಗಡಿಯಾರ ನೋಡಿ ಸಮಯ ಕೂಗಿ ಹೇಳುತ್ತಾರೆ, ಅದನ್ನು ಬರೆದುಕೊಳ್ಳುತ್ತೇವೆ. ತಣ್ಣಗೆ ಇಟ್ಟ ಗಂಟೆಗಳ ಲೆಕ್ಕ ಅಲ್ಲಿಂದ ಶುರು. ಮೇಲೆ ತೂಗುಹಾಕಿದ ಚೀಲದಿಂದ ತಣ್ಣನೆ ದ್ರಾವಣ ಇಳಿಯುತ್ತದೆ, ಹೊಟ್ಟೆಯೊಳಗೆ ಪುಡಿ ಮಾಡಿದ ಸ್ಟೆರೈಲ್ ಐಸ್ ಸುರಿಯುತ್ತಾರೆ. ಕೆಂಪಗಿದ್ದ ಕಿಡ್ನಿ ನೋಡನೋಡುತ್ತಿದ್ದಂತೆ ಬೂದು ಬಿಳುಪಿಗೆ ತಿರುಗುತ್ತದೆ. ಎಲ್ಲಾ ಕಡೆ ಒಂದೇ ಬಣ್ಣ ಬಂತಾ ಅಂತ ನೋಡುತ್ತಾರೆ. ಎಲ್ಲಾದರೂ ಕಂದು ಮಚ್ಚೆ ಉಳಿದರೆ ಅಲ್ಲಿಗೆ ದ್ರಾವಣ ಹೋಗಿಲ್ಲ ಅಂತ ಅರ್ಥ, ಬಹುಶಃ ಇನ್ನೊಂದು ಚಿಕ್ಕ ರಕ್ತನಾಳ ಇದೆ, ಅದನ್ನು ಹುಡುಕಬೇಕು.

ತೆಗೆದ ಕಿಡ್ನಿ ಮೊದಲ ಚೀಲಕ್ಕೆ ಹೋಗುತ್ತದೆ, ತಣ್ಣನೆ ದ್ರಾವಣದಲ್ಲಿ ಪೂರ್ತಿ ಮುಳುಗಿ. ಒಳಗಿನ ಗಾಳಿಯನ್ನು ಒತ್ತಿ ಹೊರಗೆ ಹಾಕಿ ಗಂಟು. ಆ ಚೀಲ ಎರಡನೆಯದರೊಳಗೆ, ನಡುವೆ ತಣ್ಣನೆ ಸಲೈನ್. ಅದೆಲ್ಲ ಮೂರನೆಯದರೊಳಗೆ. ಮೇಲೆ ಎಡ ಕಿಡ್ನಿಯೋ ಬಲ ಕಿಡ್ನಿಯೋ, ರಕ್ತದ ಗುಂಪು, ಕ್ಲಾಂಪ್ ಸಮಯ ಬರೆದ ಚೀಟಿ. ಆಮೇಲೆ ಐಸ್ ಪೆಟ್ಟಿಗೆ. ಐಸ್ ಅಂದರೆ ನೀರಿನ ಐಸ್, ಕರಗುತ್ತಾ ಇರುವಂಥದ್ದು. ಡ್ರೈ ಐಸ್ ಹಾಕಲೇಬಾರದು, ಅದು ಕಿಡ್ನಿಯನ್ನು ಹೆಪ್ಪುಗಟ್ಟಿಸಿಬಿಡುತ್ತದೆ. ಐಸ್ ತುಂಡು ನೇರವಾಗಿ ಕಿಡ್ನಿಗೆ ತಾಗಿದರೂ ಆ ಜಾಗ ಸುಡುತ್ತದೆ, ನಡುವೆ ದ್ರವದ ಚೀಲ ಇಡುವುದು ಅದಕ್ಕೇ.

ಈಗ ಯಂತ್ರವೂ ಬಂದಿದೆ. ಕಿಡ್ನಿಯನ್ನು ಅದಕ್ಕೆ ಜೋಡಿಸಿದರೆ ತಣ್ಣನೆ ದ್ರಾವಣ ಸಣ್ಣ ಒತ್ತಡದಲ್ಲಿ ಸುತ್ತುತ್ತಲೇ ಇರುತ್ತದೆ. ಸತ್ತ ದಾನಿಯ ಕಿಡ್ನಿ ಕೆಲಸ ಶುರು ಮಾಡಲು ತಡ ಮಾಡುವುದು ಇದರಿಂದ ಕಡಿಮೆಯಾಗುತ್ತದೆ ಅಂತ 2009ರಲ್ಲಿ ಯುರೋಪಿನ ದೊಡ್ಡ ಅಧ್ಯಯನ ತೋರಿಸಿದೆ. ದುಬಾರಿ, ಎಲ್ಲ ಕಡೆ ಇಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಬೇಜಾರು ಬೇಡ, ಪೆಟ್ಟಿಗೆಯಲ್ಲಿ ಬಂದ ಕಿಡ್ನಿಗಳೇ ಲಕ್ಷಾಂತರ ಜನರನ್ನು ಬದುಕಿಸಿವೆ.

ಪೆಟ್ಟಿಗೆ ಸಾಗಿಸುವಾಗ ಜೀರೋ ಟ್ರಾಫಿಕ್ ಮಾಡುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. 2022ರ ಸೆಪ್ಟೆಂಬರ್‌ನಲ್ಲಿ ಚಿಕ್ಕಮಗಳೂರಿನಿಂದಲೇ ಒಂದು ಹೃದಯ ಹೆಲಿಕಾಪ್ಟರ್‌ನಲ್ಲಿ ಬೆಂಗಳೂರಿಗೆ ಹೋಯಿತು. ಹೃದಯ ತಡೆಯುವುದು ಬರೀ 4ರಿಂದ 6 ಗಂಟೆ, ಅದಕ್ಕೆ ಅಷ್ಟು ಅವಸರ. ಕಿಡ್ನಿ ರಸ್ತೆಯಲ್ಲೇ ಬರುತ್ತದೆ, ಸಾಮಾನ್ಯವಾಗಿ ಹೊತ್ತಿಗೆ ಸರಿಯಾಗಿಯೇ ತಲುಪುತ್ತದೆ. ಉಳಿದದ್ದು ಪೇಷೆಂಟ್ ಕಡೆ.

ಕಾಯುವ ಕಾಲದಲ್ಲಿ ಮಾಡಬೇಕಾದ್ದು

ಪೇಷೆಂಟ್ ರೆಡಿ ಇದ್ದರೆ ಕಿಡ್ನಿ ಬೇಗ ಒಳಗೆ ಹೋಗುತ್ತದೆ. ಫೋನ್ ಯಾವಾಗ ಬರುತ್ತದೋ ಗೊತ್ತಿಲ್ಲ, ನಾಳೆಯೂ ಬರಬಹುದು, ವರ್ಷಗಳೇ ಆಗಬಹುದು. ಆದ್ದರಿಂದ ದಿನಾ ರೆಡಿ ಇರಬೇಕು.

ಡಯಾಲಿಸಿಸ್ ತಪ್ಪಿಸಬೇಡಿ. ಕಾಫಿ ಕೊಯ್ಲು, ಮದುವೆ, ಜಾತ್ರೆ ಅಂತ ಒಂದು ಸರದಿ ಬಿಟ್ಟುಬಿಡುವವರನ್ನು ನೋಡಿದ್ದೇನೆ. ಅದೇ ದಿನ ಕರೆ ಬಂದರೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ, ಪೊಟ್ಯಾಸಿಯಂ ಜಾಸ್ತಿ ಇದೆ, ಮೊದಲು ಡಯಾಲಿಸಿಸ್ ಆಗಲಿ ಅನ್ನುತ್ತಾರೆ. ಅಷ್ಟು ಗಂಟೆಯೂ ಕಿಡ್ನಿ ಪೆಟ್ಟಿಗೆಯಲ್ಲೇ ಇರುತ್ತದೆ. ಎಳನೀರು, ಬಾಳೆಹಣ್ಣು, ಹಲಸಿನ ಕಾಲದಲ್ಲಿ ಹಲಸಿನ ತೊಳೆ, ಇವೆಲ್ಲ ಪೊಟ್ಯಾಸಿಯಂ ಏರಿಸುವಂಥವು. "ಎಳನೀರು ತಂಪು, ಕಿಡ್ನಿಗೆ ಒಳ್ಳೇದು" ಅಂತ ಪಕ್ಕದ ಮನೆಯವರು ತಂದುಕೊಡುತ್ತಾರೆ, ಅಲ್ವಾ? ಡಯಾಲಿಸಿಸ್ ಮೇಲಿರುವವರಿಗೆ ಅದು ಹೃದಯ ನಿಲ್ಲಿಸುವಷ್ಟು ಅಪಾಯ. ಕಮರಾಕ್ಷಿ (ಸ್ಟಾರ್ ಫ್ರೂಟ್) ಹಣ್ಣನ್ನಂತೂ ಮುಟ್ಟಬೇಡಿ. ಉಪ್ಪಿನಕಾಯಿಗೂ ಬೇಡ. ಕಿಡ್ನಿ ಕೆಟ್ಟವರಿಗೆ ಅದರ ವಿಷ ನೇರ ಮಿದುಳಿಗೆ ಏರುತ್ತದೆ.

ರಕ್ತ ಹಾಕಿಸಿಕೊಳ್ಳುವ ಮುಂಚೆ ಕಸಿ ಡಾಕ್ಟರ್‌ಗೆ ಕೇಳಿ. ಇದನ್ನು ಯಾರೂ ಹೇಳುವುದಿಲ್ಲ. ಹಿಮೋಗ್ಲೋಬಿನ್ ಕಡಿಮೆ ಅಂತ ಒಂದೆರಡು ಬಾಟಲಿ ಏರಿಸಿಬಿಡುತ್ತಾರೆ. ಬೇರೆಯವರ ರಕ್ತ ಬಂದಾಗಲೆಲ್ಲ ನಿಮ್ಮ ಮೈ ಅದರ ವಿರುದ್ಧ ಪ್ರತಿಕಾಯ ಬೆಳೆಸಿಕೊಳ್ಳಬಹುದು, ಆಮೇಲೆ ಯಾವ ದಾನಿಯ ಕಿಡ್ನಿ ತಂದರೂ ಹೊಂದಿಕೆ ಆಗದೆ ಹೋಗಬಹುದು. ಜೀವಕ್ಕೆ ಅಪಾಯ ಇದ್ದಾಗ ರಕ್ತ ಬೇಕೇ ಬೇಕು, ಅದು ಬೇರೆ ಮಾತು. ಉಳಿದಂತೆ ರಕ್ತ ಹೆಚ್ಚಿಸುವ ಎರಿತ್ರೋಪೊಯೆಟಿನ್ ಇಂಜೆಕ್ಷನ್ ಮತ್ತು ಕಬ್ಬಿಣದ ಇಂಜೆಕ್ಷನ್‌ನಲ್ಲಿ ಎಷ್ಟು ಸುಧಾರಿಸಬಹುದೋ ಅಷ್ಟು ನೋಡುವುದು ಒಳ್ಳೆಯದು. ರಕ್ತ ಹಾಕಿಸಿಕೊಂಡಿದ್ದರೆ ಕಸಿ ಆಸ್ಪತ್ರೆಗೆ ತಿಳಿಸಿ. ಲ್ಯಾಬ್‌ನಲ್ಲಿ ನಿಮ್ಮ ಸೀರಂ (ರಕ್ತದಿಂದ ಬೇರ್ಪಡಿಸಿದ ತಿಳಿ) ಇಟ್ಟಿರುತ್ತಾರೆ, ಅದನ್ನು ಆಗಾಗ ಹೊಸದಾಗಿ ಕೊಡಬೇಕು. ಅದು ಹಳೆಯದಾಗಿದ್ದರೆ ಕರೆ ಬಂದ ರಾತ್ರಿ ಮತ್ತೆ ನಿಮ್ಮ ರಕ್ತ ತಗೊಂಡು ದಾನಿಗೂ ನಿಮಗೂ ಹೊಂದುತ್ತದಾ ಅಂತ ನೋಡುವ ಕ್ರಾಸ್‌ಮ್ಯಾಚ್ ಶುರು ಮಾಡಬೇಕು. ಅಲ್ಲಿಗೂ ಗಂಟೆಗಳು ಹೋಗುತ್ತವೆ.

ಹಲ್ಲು ಹುಳುಕು, ಕಾಲಲ್ಲಿ ಹುಣ್ಣು, ಕೆಮ್ಮು ಇದ್ದರೆ ಈಗಲೇ ತೋರಿಸಿಕೊಳ್ಳಿ. ಸೋಂಕು ಇದ್ದವರಿಗೆ ಕಸಿ ಮಾಡುವುದಿಲ್ಲ. ಅಷ್ಟು ದೂರ ಹೋಗಿ ವಾಪಸ್ ಬರಬೇಕಾಗುತ್ತದೆ.

ಬಿಪಿಎಲ್ ಕಾರ್ಡ್ ಇದ್ದವರು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಅಂಗಾಂಗ ಕಸಿ ಯೋಜನೆಯ ಕಾಗದಗಳನ್ನು ಹೆಸರು ಬರೆಸುವಾಗಲೇ ಮುಗಿಸಿಟ್ಟುಕೊಳ್ಳಿ. ಸರ್ಕಾರಿ ಕಡೆ ಬೇಕು ಅನ್ನುವವರಿಗೆ ಬೆಂಗಳೂರಿನ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ದುಡ್ಡು ಕೊಟ್ಟರೆ ಕಿಡ್ನಿ ಕೊಡಿಸುತ್ತೇನೆ ಅನ್ನುವವರ ಹತ್ತಿರ ಸುಳಿಯಬೇಡಿ. ಕಾನೂನಿನಲ್ಲಿ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿವರೆಗೆ ದಂಡ ಇದೆ.

ಫೋನ್ ಬಂತು. ಈಗ?

ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರ್. ಚಿಕ್ಕಮಗಳೂರಿನಿಂದ 245 ಆಸುಪಾಸು. ಮೂಡಿಗೆರೆ, ಸಕಲೇಶಪುರದ ಒಳಗಿನ ತೋಟದ ಮನೆಯಾದರೆ ಮುಖ್ಯ ರಸ್ತೆಗೆ ಬರಲಿಕ್ಕೇ ಮುಕ್ಕಾಲು ಗಂಟೆ. ಶೃಂಗೇರಿ, ಕೊಪ್ಪದ ಕಡೆಯವರಿಗೆ ಮಣಿಪಾಲ ಹತ್ತಿರ, ಹಾಸನದ ದಕ್ಷಿಣಕ್ಕೆ ಇರುವವರಿಗೆ ಮೈಸೂರು ಹತ್ತಿರ. ಹೆಸರು ಬರೆಸುವಾಗಲೇ ಆಸ್ಪತ್ರೆಯ ಹೆಸರು ದೊಡ್ಡದಾ ಅಂತ ಮಾತ್ರ ನೋಡದೆ, ಮಧ್ಯರಾತ್ರಿ ಎಷ್ಟು ಹೊತ್ತಿಗೆ ತಲುಪಬಹುದು ಅಂತಲೂ ಲೆಕ್ಕ ಹಾಕಿ. ನನ್ನನ್ನು ಕೇಳಿದರೆ, ಎರಡು ಆಸ್ಪತ್ರೆ ಸರಿಸಮ ಅನ್ನಿಸಿದಾಗ ಘಾಟಿ ಇಳಿಯದೆ ತಲುಪುವುದನ್ನೇ ಆರಿಸಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಶಿರಾಡಿ ಯಾವಾಗ ಮಣ್ಣು ಕುಸಿದು ಬಂದ್ ಆಗುತ್ತದೋ, ಚಾರ್ಮಾಡಿಯಲ್ಲಿ ಯಾವಾಗ ಮಂಜು ಮುಚ್ಚುತ್ತದೋ ಹೇಳೋಕಾಗಲ್ಲ.

ಎಸ್ಟೇಟ್‌ಗಳಲ್ಲಿ ಸಿಗ್ನಲ್ ಸಿಗುವುದಿಲ್ಲ, ಇದೇ ದೊಡ್ಡ ತೊಂದರೆ. ಕರೆ ಮಾಡುವ ಕಸಿ ಕೋಆರ್ಡಿನೇಟರ್‌ಗೆ ಒಂದೇ ನಂಬರ್ ಕೊಡಬೇಡಿ. ನಿಮ್ಮದು, ಪೇಟೆಯಲ್ಲಿರುವ ತಮ್ಮನದೋ ಮಗಳದೋ, ಜೊತೆಗೆ ಮನೆಗೆ ನಡೆದುಬಂದು ಬಾಗಿಲು ಬಡಿಯಬಲ್ಲ ಪಕ್ಕದವರದು. ಗೊತ್ತಿಲ್ಲದ ನಂಬರ್ ಅಂತ ಎತ್ತದೆ ಇರಬೇಡಿ. ರಾತ್ರಿ ಸೈಲೆಂಟ್ ಹಾಕಿ ಮಲಗಬೇಡಿ. ನೀವು ಎತ್ತದಿದ್ದರೆ ಅವರು ತುಂಬ ಹೊತ್ತು ಕಾಯುವುದಿಲ್ಲ, ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತಾರೆ, ಹೋಗಲೇಬೇಕು.

ಗಾಡಿ ಮೊದಲೇ ಗೊತ್ತು ಮಾಡಿಡಿ. ಬಸ್ಸು, ರೈಲು ನಂಬಿಕೊಳ್ಳುವ ಹೊತ್ತಲ್ಲ ಅದು. ರಾತ್ರಿ ಎಷ್ಟೊತ್ತಿಗೆ ಕರೆದರೂ ಬರುತ್ತೇನೆ ಅನ್ನುವ ಡ್ರೈವರ್ ಇಬ್ಬರಾದರೂ ಇರಲಿ. ಆಲೂರು, ಸಕಲೇಶಪುರ, ಬೇಲೂರು ಕಡೆ ರಾತ್ರಿ ತೋಟದ ದಾರಿಯಲ್ಲಿ ಆನೆ ನಿಂತಿರುತ್ತದೆ ಅನ್ನುವುದು ನಿಮಗೇ ಗೊತ್ತು, ಬಳಸು ದಾರಿ ಯಾವುದು ಅಂತ ಮೊದಲೇ ಯೋಚಿಸಿ. ಒಂದು ಚೀಲದಲ್ಲಿ ಆಧಾರ್, ರೇಷನ್ ಕಾರ್ಡ್, ಕಸಿ ಫೈಲ್, ಈಚಿನ ಡಯಾಲಿಸಿಸ್ ಚೀಟಿ, ತಗೊಳ್ಳುವ ಮಾತ್ರೆಗಳು, ಚಾರ್ಜರ್, ಸ್ವಲ್ಪ ಹಣ ಹಾಕಿ ಬಾಗಿಲ ಹತ್ತಿರವೇ ಇಟ್ಟಿರಿ.

ಫೋನ್‌ನಲ್ಲೇ ಮೂರು ವಿಷಯ ಕೇಳಿ. ಎಷ್ಟು ಗಂಟೆಗೆ ತಲುಪಬೇಕು? ಈಗಿನಿಂದ ತಿನ್ನುವುದು, ಕುಡಿಯುವುದು ನಿಲ್ಲಿಸಬೇಕಾ? ಬಿಪಿ, ಶುಗರ್, ರಕ್ತ ತೆಳು ಮಾಡುವ ಮಾತ್ರೆಗಳಲ್ಲಿ ಯಾವುದು ಬಿಡಬೇಕು? ಸಾಮಾನ್ಯವಾಗಿ ಅನಸ್ತೇಸಿಯಾಕ್ಕೆ ಮುಂಚೆ 6 ಗಂಟೆ ಊಟ ಇರಬಾರದು. ಹಾಲು ಹಾಕಿದ ಕಾಫಿ ಊಟದ ಲೆಕ್ಕಕ್ಕೇ ಬರುತ್ತದೆ. ಕಾಫಿ ನಾಡಿನವರಿಗೆ ಇದು ಕಷ್ಟ, ಗೊತ್ತು. ಆದರೆ ದಾರಿಯಲ್ಲಿ ಚನ್ನರಾಯಪಟ್ಟಣದಲ್ಲಿ ಗಾಡಿ ನಿಲ್ಲಿಸಿ "ಒಂದೇ ಒಂದು ಲೋಟ" ಅಂದರೂ ಆಪರೇಷನ್ ಮುಂದಕ್ಕೆ ಹೋಗಬಹುದು.

ಹೋದ ಮೇಲೆ ಇನ್ನೊಂದಿಬ್ಬರು ಪೇಷೆಂಟ್‌ಗಳನ್ನೂ ಕರೆಸಿರುವುದು ಕಂಡರೆ ಗಾಬರಿ ಬೇಡ. ಕ್ರಾಸ್‌ಮ್ಯಾಚ್ ಯಾರಿಗೆ ಹೊಂದುತ್ತದೋ ಗೊತ್ತಿಲ್ಲದ ಕಾರಣ ಬದಲಿಗೆ ಒಬ್ಬರನ್ನು ಇಟ್ಟುಕೊಂಡಿರುತ್ತಾರೆ. ಆ ಸಲ ನಿಮಗೆ ಸಿಗದೆ ವಾಪಸ್ ಬರಬೇಕಾದರೆ ಮನಸ್ಸಿಗೆ ತುಂಬ ನೋವಾಗುತ್ತದೆ, ಸುಳ್ಳು ಹೇಳಲ್ಲ. ಆದರೆ ಬದಲಿ ಇಲ್ಲದೆ ಮೊದಲಿನಿಂದ ಹುಡುಕಿದರೆ ಕಿಡ್ನಿಯೇ ಹಾಳಾಗುತ್ತದೆ. ಮುಂದಿನ ಸಲ ನಿಮಗಾಗಿಯೂ ಯಾರೋ ಹಾಗೆ ಬಂದು ಕೂತಿರುತ್ತಾರೆ.

ಥಿಯೇಟರ್ ಒಳಗೆ

ಇಲ್ಲಿ ನೀವು ಮಾಡುವುದೇನೂ ಇಲ್ಲ, ಆದರೆ ಏನು ನಡೆಯುತ್ತಿದೆ ಅಂತ ಗೊತ್ತಿದ್ದರೆ ಹೊರಗೆ ಕೂತವರಿಗೆ ಸ್ವಲ್ಪ ಸಮಾಧಾನ.

ಪೇಷೆಂಟ್‌ಗೆ ಅನಸ್ತೇಸಿಯಾ ಕೊಡುವಾಗಲೇ ಪಕ್ಕದ ಮೇಜಿನ ಮೇಲೆ, ಐಸ್ ತುಂಬಿದ ಬೇಸಿನ್‌ನಲ್ಲಿ ಕಿಡ್ನಿಯನ್ನು ಬಿಡಿಸುತ್ತಾರೆ. ಸುತ್ತಲಿನ ಕೊಬ್ಬು ತೆಗೆಯುತ್ತಾರೆ. ರಕ್ತನಾಳದಲ್ಲಿ ಸಣ್ಣ ತೂತು ಇದ್ದರೆ ಕಟ್ಟುತ್ತಾರೆ. ಒಂದು ಜಾಗವನ್ನು ಮಾತ್ರ ಮುಟ್ಟುವುದಿಲ್ಲ, ಕಿಡ್ನಿಯ ಕೆಳತುದಿ ಮತ್ತು ಮೂತ್ರನಾಳದ ನಡುವಿನ ಕೊಬ್ಬು. ಮೂತ್ರನಾಳಕ್ಕೆ ರಕ್ತ ಬರುವುದು ಅಲ್ಲಿಂದಲೇ. ಅದನ್ನು ಚೆಂದ ಕಾಣಲಿ ಅಂತ ಕೆರೆದು ಶುಚಿ ಮಾಡಿದರೆ ಆಮೇಲೆ ಮೂತ್ರನಾಳ ಕೊಳೆತು ಸೋರುತ್ತದೆ. ಈ ಹೊತ್ತಲ್ಲಿ ನನ್ನಂಥವರ ಕೆಲಸ ಸಣ್ಣದು: ಬೇಸಿನ್‌ನ ಐಸ್ ಕರಗಿತಾ ಅಂತ ನೋಡುತ್ತಿರುವುದು, ಹೊಸದು ಹಾಕುವುದು.

ಹೊಸ ಕಿಡ್ನಿ ಕೂರುವುದು ಸೊಂಟದ ಮುಂಭಾಗದಲ್ಲಿ, ಹೆಚ್ಚಾಗಿ ಬಲಗಡೆ ಕಿಬ್ಬೊಟ್ಟೆಯಲ್ಲಿ. ಹಳೆ ಕಿಡ್ನಿಗಳು ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳಿಗೆ ಇದರ ನಾಳಗಳನ್ನು ಹೊಲಿಯುತ್ತಾರೆ. ಐಸ್‌ನಿಂದ ತೆಗೆದ ಕ್ಷಣದಿಂದ ಹೊಲಿಗೆ ಮುಗಿಯುವವರೆಗಿನ ಸಮಯವೇ ಎಲ್ಲರೂ ಉಸಿರು ಬಿಗಿಹಿಡಿಯುವ ಸಮಯ. ಸಾಮಾನ್ಯವಾಗಿ 30ರಿಂದ 45 ನಿಮಿಷ. ರಕ್ತ ಇನ್ನೂ ಬಂದಿಲ್ಲ, ಕಿಡ್ನಿ ಬಿಸಿಯಾಗುತ್ತಿದೆ. ಅದಕ್ಕೆ ಐಸ್ ಪುಡಿ ತುಂಬಿದ ತೆಳು ಹತ್ತಿ ಬಟ್ಟೆಯನ್ನು (ಗಾಜ್) ಅಂಗಿಯ ಹಾಗೆ ತೊಡಿಸಿ, ಮೇಲಿಂದ ತಣ್ಣನೆ ಸಲೈನ್ ಹಾಕುತ್ತಲೇ ಇರುತ್ತೇವೆ.

ತಲೆಯ ಹತ್ತಿರ ನಿಂತ ಅನಸ್ತೇಸಿಯಾ ಡಾಕ್ಟರ್ ಕೆಲಸವನ್ನು ಯಾರೂ ಹೊಗಳುವುದಿಲ್ಲ, ನನಗೆ ಅದು ಬೇಜಾರು. ಕ್ಲಾಂಪ್ ಬಿಡುವ ಹೊತ್ತಿಗೆ ಮೈಯಲ್ಲಿ ದ್ರವ ಸಾಕಷ್ಟು ತುಂಬಿರಬೇಕು, ಮೇಲಿನ ಬಿಪಿ 120ಕ್ಕಿಂತ ಕೆಳಗಿಳಿಯಬಾರದು ಅಂತ ನೋಡಿಕೊಳ್ಳುತ್ತಾರೆ. ಡಯಾಲಿಸಿಸ್‌ನಲ್ಲಿ ಒಣಗಿಸಿ ಬಂದ ಪೇಷೆಂಟ್‌ಗೆ ಬಿಪಿ ಬಿದ್ದರೆ ಹೊಸ ಕಿಡ್ನಿ ಮತ್ತೆ ಹಸಿದು ಕೂರುತ್ತದೆ. ಯಾವ ದ್ರವ ಅನ್ನುವುದೂ ಮುಖ್ಯ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸತ್ತ ದಾನಿಯ ಕಿಡ್ನಿ ಪಡೆದವರಿಗೆ ಸಾದಾ ಸಲೈನ್ ಕೊಟ್ಟಾಗ ನೂರಕ್ಕೆ 40 ಜನರಿಗೆ ಮೊದಲ ವಾರದಲ್ಲಿ ಡಯಾಲಿಸಿಸ್ ಬೇಕಾಯಿತು. ರಕ್ತದ ಲವಣಗಳಿಗೆ ಹತ್ತಿರ ಇರುವ ದ್ರವ ಕೊಟ್ಟಾಗ 30 ಜನರಿಗೆ. ಬರೀ ಬಾಟಲಿ ಬದಲಿಸಿದ್ದಕ್ಕೆ ಇಷ್ಟು ವ್ಯತ್ಯಾಸ.

ಕ್ಲಾಂಪ್ ಬಿಡುತ್ತಾರೆ. ಬೂದು ಬಣ್ಣದ ಮೆತ್ತಗಿನ ಕಿಡ್ನಿ ಕೆಲವೇ ಸೆಕೆಂಡಿನಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಆಮ್ಲಜನಕ ಒಮ್ಮೆಲೇ ನುಗ್ಗುವುದರಿಂದಲೂ ಕೋಶಕ್ಕೆ ಪೆಟ್ಟಾಗುತ್ತದೆ. ಅದನ್ನು ತಗ್ಗಿಸಲು ಮತ್ತು ಮೂತ್ರ ಹರಿಯಲು ಎಷ್ಟೋ ಕಡೆ ಮೊದಲೇ ಮ್ಯಾನಿಟಾಲ್ ಎಂಬ ಔಷಧಿ ಕೊಟ್ಟಿರುತ್ತಾರೆ. ಆಮೇಲೆ ಮೂತ್ರನಾಳವನ್ನು ಮೂತ್ರಕೋಶಕ್ಕೆ ಹೊಲಿದು, ನಡುವೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಡುತ್ತಾರೆ.

ಮನೆಯವರೇ ಕೊಡುವುದಾದರೆ

ಅಮ್ಮನೋ ಹೆಂಡತಿಯೋ ಕೊಡುವಾಗ ಕಿಡ್ನಿ ಐಸ್‌ನಲ್ಲಿರುವ ಹೊತ್ತು ತೀರಾ ಕಡಿಮೆ. ಎರಡು ಥಿಯೇಟರ್ ಅಕ್ಕಪಕ್ಕ ಓಡುತ್ತವೆ. ಸಾಮಾನ್ಯವಾಗಿ ಎಡ ಕಿಡ್ನಿ ತೆಗೆಯುತ್ತಾರೆ, ಅದರ ಅಭಿಧಮನಿ (ರಕ್ತ ವಾಪಸ್ ಒಯ್ಯುವ ನಾಳ) ಉದ್ದ, ಹೊಲಿಯಲು ಸಲೀಸು. ಸಣ್ಣ ತೂತುಗಳಿಂದ ಮಾಡುವ ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಗೆ ಗಾಳಿ ತುಂಬುವ ಒತ್ತಡ ಜಾಸ್ತಿಯಾದರೆ ಕಿಡ್ನಿಗೆ ರಕ್ತ ಕಡಿಮೆಯಾಗುತ್ತದೆ. ಹಾಗಾಗಿ ಒತ್ತಡ ಮಿತಿಯಲ್ಲಿಟ್ಟು, ದಾನಿಗೆ ದ್ರವ ಧಾರಾಳವಾಗಿ ಕೊಡುತ್ತಾರೆ. ನಾಳ ಕತ್ತರಿಸಿ ಕಿಡ್ನಿ ಹೊರಗೆ ಬರಲು ಕೆಲವೇ ನಿಮಿಷ. ಬಂದ ಕೂಡಲೇ ಐಸ್ ಬೇಸಿನ್, ಅಭಿಧಮನಿಯಿಂದ ಬರುವ ನೀರು ತಿಳಿಯಾಗುವವರೆಗೆ ತಣ್ಣನೆ ದ್ರಾವಣದಲ್ಲಿ ತೊಳೆಯುವುದು.

ದಾನಿ ಮಾಡಬೇಕಾದ್ದು: ಬೀಡಿ, ಸಿಗರೇಟು ವಾರಗಳ ಮುಂಚೆಯೇ ಬಿಡುವುದು, ಮೈಕೈ ನೋವಿಗೆ ಅಂಗಡಿ ಮಾತ್ರೆ ನುಂಗದಿರುವುದು, ಹೇಳಿದಷ್ಟು ನೀರು ಕುಡಿಯುವುದು. ನಾಟಿ ಔಷಧಿ ತಗೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಕೊಟ್ಟಾದ ಮೇಲೆ ದಾನಿಯನ್ನು ಮರೆಯುವುದು ನಮ್ಮ ಮನೆಗಳ ದೊಡ್ಡ ದೋಷ. ಮಗನಿಗೆ ಪ್ರತ್ಯೇಕ ಪಾತ್ರೆಯಲ್ಲಿ ಅಡುಗೆ, ಕೊಟ್ಟ ಅಮ್ಮ ಮಾತ್ರ ತಿಂಗಳಾಗುವುದರೊಳಗೆ ಕೊಟ್ಟಿಗೆ ಕೆಲಸಕ್ಕೆ. ಹಾಗೆ ಮಾಡಬೇಡಿ. ವರ್ಷಕ್ಕೊಮ್ಮೆ ಅವರದ್ದೂ ಬಿಪಿ, ಕ್ರಿಯಾಟಿನಿನ್ (ಕಿಡ್ನಿ ಕೆಲಸ ತೋರಿಸುವ ರಕ್ತ ಪರೀಕ್ಷೆ), ಮೂತ್ರ ಪರೀಕ್ಷೆ ಆಗಬೇಕು.

ಮೊದಲ ದಿನಗಳು

ಐಸ್‌ನಲ್ಲಿ ಹೆಚ್ಚು ಹೊತ್ತು ಇದ್ದ ಕಿಡ್ನಿ ಕೆಲವೊಮ್ಮೆ ಕೂಡಲೇ ಮೂತ್ರ ಮಾಡುವುದಿಲ್ಲ. ಆಗ ಮತ್ತೆ ಡಯಾಲಿಸಿಸ್ ಮಾಡುತ್ತಾರೆ. "ಆಪರೇಷನ್ ಫೇಲ್ ಆಯ್ತು" ಅಂತ ಊರಿಗೆ ಫೋನ್ ಮಾಡಿ ಅಳಬೇಡಿ. ಪೆಟ್ಟು ತಿಂದ ಕೋಶಗಳು ಚಿಗುರಲು ದಿನಗಳೋ ವಾರಗಳೋ ಬೇಕಾಗುತ್ತದೆ, ಬಹುಪಾಲು ಕಿಡ್ನಿಗಳು ಆಮೇಲೆ ಕೆಲಸಕ್ಕೆ ಬರುತ್ತವೆ. ಇನ್ನು ಕೆಲವರಿಗೆ ಮೊದಲ ದಿನವೇ ಲೀಟರ್‌ಗಟ್ಟಲೆ ಮೂತ್ರ. ಅಳತೆ ಬರೆಯುವುದಕ್ಕೆ ಸಿಸ್ಟರ್ ಹೇಳಿದರೆ ಅಂದಾಜಿನಲ್ಲಿ ಬರೆಯಬೇಡಿ, ಅದನ್ನು ನೋಡಿಯೇ ದ್ರವ ಕೊಡುತ್ತಾರೆ.

ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ಮಾತ್ರೆಯನ್ನು ದಿನಕ್ಕೆರಡು ಸಲ ಬರೆದುಕೊಟ್ಟಿದ್ದರೆ ಸರಿಯಾಗಿ 12 ಗಂಟೆಗೊಮ್ಮೆ ತಗೊಳ್ಳಿ. ರಕ್ತದಲ್ಲಿ ಅದರ ಮಟ್ಟ ನೋಡುವ ದಿನ ಬೆಳಗಿನ ಮಾತ್ರೆ ನುಂಗುವ ಮುಂಚೆ ರಕ್ತ ಕೊಡಬೇಕು. ಹಾಸನದ ಲ್ಯಾಬ್‌ನಲ್ಲಿ ಕೊಟ್ಟರೂ ಇದೇ ನಿಯಮ. ಚಕ್ಕೋತ ತಿನ್ನಬೇಡಿ, ಅದು ಮಾತ್ರೆಯ ಮಟ್ಟವನ್ನು ಏರಿಸಿ ಹೊಸ ಕಿಡ್ನಿಗೇ ಪೆಟ್ಟು ಕೊಡುತ್ತದೆ. ನೋವಿಗೆ ಡೈಕ್ಲೋಫಿನಾಕ್, ಐಬುಪ್ರೊಫೆನ್ ಬೇಡ. ಜ್ವರ ಬಂದರೆ, ಮೂತ್ರ ಕಡಿಮೆಯಾದರೆ, ಕಸಿ ಜಾಗ ನೋಯುತ್ತಿದ್ದರೆ ಬೆಳಗಾಗಲಿ ಅಂತ ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಫೋನ್ ಮಾಡಿ.

ಡಿಸ್ಚಾರ್ಜ್ ಚೀಟಿಯಲ್ಲಿ ಸ್ಟೆಂಟ್ ತೆಗೆಯುವ ದಿನ ಬರೆದಿದೆಯಾ ನೋಡಿ, ಸಾಮಾನ್ಯವಾಗಿ 2ರಿಂದ 6 ವಾರದೊಳಗೆ ಇರುತ್ತದೆ. ಬರೆದಿಲ್ಲದಿದ್ದರೆ ಮನೆಗೆ ಹೊರಡುವ ಮುಂಚೆಯೇ ಕೇಳಿ ಬರೆಸಿಕೊಳ್ಳಿ. ಒಳಗಿರುವ ಕೊಳವೆ ಕಣ್ಣಿಗೆ ಕಾಣುವುದಿಲ್ಲ, ನೋವೂ ಇರುವುದಿಲ್ಲ, ಮರೆತೇ ಹೋಗುತ್ತದೆ. ತಿಂಗಳುಗಟ್ಟಲೆ ಉಳಿದರೆ ಅದರ ಮೇಲೆ ಕಲ್ಲು ಕಟ್ಟಿ ಸೋಂಕಾಗುತ್ತದೆ. ಗೋಡೆ ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಕೆಂಪು ಪೆನ್ನಿನಲ್ಲಿ ಗುಂಡು ಸುತ್ತಿ, ಗಾಡಿಯವರಿಗೂ ಅವತ್ತೇ ಹೇಳಿಡಿ.